ಒಳನೋಟದ ಮಾತು

ಆಧುನಿಕ ವೈದ್ಯದಲ್ಲಿ ಮಾತಿನ ಚಿಕಿತ್ಸೆಗೆ ಆ ಹೆಸರನ್ನು ಕೊಟ್ಟವಳು ಒಬ್ಬ ರೋಗಿ. 1880ರ ಕೊನೆಯಲ್ಲಿ ವಿಯೆನ್ನಾ ನಗರದ ಯೋಸೆಫ್ ಬ್ರಾಯರ್ ಎಂಬ ವೈದ್ಯ ಬರ್ತಾ ಪಾಪೆನ್‌ಹೈಮ್ ಎಂಬ ಇಪ್ಪತ್ತೊಂದು ವರ್ಷದ ತರುಣಿಯ ಚಿಕಿತ್ಸೆಯನ್ನು ಕೈಗೊಂಡ. ತಂದೆಯ ರೋಗಶಯ್ಯೆಯ ಪಕ್ಕದಲ್ಲಿ ರಾತ್ರಿಗಳನ್ನು ಕಳೆದಿದ್ದ ಆಕೆಗೆ ಕೈಕಾಲುಗಳು ಸೆಟೆದುಕೊಂಡಿದ್ದವು, ದೃಷ್ಟಿ ಮಸುಕಾಗಿತ್ತು. ಎಲ್ಲಕ್ಕಿಂತ ವಿಚಿತ್ರವೆಂದರೆ ಹುಟ್ಟುನುಡಿಯಾದ ಜರ್ಮನ್ ಕೆಲಕಾಲ ನಾಲಗೆಯಿಂದ ಮಾಯವಾಗಿ, ಇಂಗ್ಲಿಷ್ ಮಾತ್ರ ಉಳಿದಿತ್ತು. ಒಂದೊಂದು ತೊಂದರೆಯೂ ಮೊದಲು ತಲೆದೋರಿದ ಸಂದರ್ಭವನ್ನು ನೆನೆನೆನೆದು ಹೇಳಿಕೊಂಡಾಗ ಅದು ತಗ್ಗುತ್ತಿದ್ದುದನ್ನು ಬ್ರಾಯರ್ ಕಂಡ. ಆಕೆ ಇದನ್ನು ಇಂಗ್ಲಿಷಿನಲ್ಲಿಯೇ ‘ಮಾತಿನ ಚಿಕಿತ್ಸೆ’ ಎಂದು ಕರೆದಳು. ತಮಾಷೆಗೆ ‘ಹೊಗೆಗೂಡಿನ ಮಸಿ ಗುಡಿಸುವುದು’ ಎಂದೂ ಹೇಳಿದಳು. ಬ್ರಾಯರ್ ಮತ್ತು ಫ್ರಾಯ್ಡ್ 1895ರಲ್ಲಿ ಹೊರತಂದ ಗ್ರಂಥದಲ್ಲಿ ಆಕೆಯ ವೃತ್ತಾಂತ ಬೇರೆ ಹೆಸರಿನಲ್ಲಿ ಬಂದಿತು. ಅಲ್ಲಿ ಹೇಳಿರುವಷ್ಟು ಸುಲಭವಾಗಿ ಆಕೆ ಗುಣವಾಗಲಿಲ್ಲ. 1882ರಲ್ಲಿ ಆರೋಗ್ಯಧಾಮವೊಂದಕ್ಕೆ ಸೇರಬೇಕಾಯಿತು. ಮಾತನ್ನು ಮಂತ್ರವೆಂದು ತಿಳಿಯಲು ಹೊರಡುವವರು ಈ ಸಂಗತಿಯನ್ನು ಮರೆಯಬಾರದು.

ಫ್ರಾಯ್ಡ್ ಸಮ್ಮೋಹನವನ್ನು ಕೈಬಿಟ್ಟು, ರೋಗಿ ಮನಸ್ಸಿಗೆ ಬಂದುದನ್ನು ಬಂದಂತೆಯೇ ಹೇಳಲಿ ಎಂದ. ಭಾರತದಲ್ಲಿ ಈ ಮಾರ್ಗಕ್ಕೆ ನೆಲೆ ಒದಗಿದ್ದು ಕಲ್ಕತ್ತೆಯಲ್ಲಿ. ಗಿರೀಂದ್ರಶೇಖರ ಬೋಸರು 1922ರಲ್ಲಿ ಅಲ್ಲಿ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಿದರು. ನಮ್ಮ ಮೈಸೂರಿನ ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ ಮನಶ್ಶಾಸ್ತ್ರದ ವಿಭಾಗ ತೆರೆಯಿತು. ಅದರ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದವರು. ಆ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶದ ಬಾನುಲಿಗೇ ಆಯಿತು. ಮನಸ್ಸನ್ನು ಅಭ್ಯಸಿಸಿದವರಿಗೆ ಮನುಷ್ಯಧ್ವನಿಯ ಮೇಲೆ ಅಷ್ಟು ಮೋಹ ಹುಟ್ಟಿದ್ದು ನನಗಂತೂ ಆಕಸ್ಮಿಕವೆನಿಸುವುದಿಲ್ಲ.

ಒಳನೋಟವನ್ನು ಅರಸುವ ಈ ಚಿಕಿತ್ಸೆ ನಡೆಯುವ ಬಗೆಯನ್ನು ಒಂದು ನಿದರ್ಶನದಿಂದ ನೋಡೋಣ. ಕೊಟ್ಟೂರಿನ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತನೊಬ್ಬನನ್ನು ಕಲ್ಪಿಸಿಕೊಳ್ಳಿ. ಅವನಿಗೆ ಎದೆಯುರಿ, ನಿದ್ರಾಭಂಗ. ವೈದ್ಯಪರೀಕ್ಷೆಯಲ್ಲಿ ಯಾವ ದೋಷವೂ ಇಲ್ಲ. ವಾರಕ್ಕೊಮ್ಮೆ ಸುಮಾರು ಮುಕ್ಕಾಲು ಗಂಟೆಯ ಹೊತ್ತು ಮನೋಚಿಕಿತ್ಸಕನ ಎದುರು ಕುಳಿತು ಮಾತಾಡುತ್ತಾನೆ. ಧಣಿಯ ಮಾತಿಗೆ ಎದುರಾಡಲಾರ, ಅಣ್ಣನ ಮಾತಿಗೂ ಆಡಲಾರ. ಒಂದು ದಿನ ತಡವಾಗಿ ಬಂದವನು ಬೈಸಿಕೊಳ್ಳಲು ಸಿದ್ಧನಾಗಿ ತಲೆ ತಗ್ಗಿಸಿ ಕುಳಿತುಕೊಳ್ಳುತ್ತಾನೆ. ಚಿಕಿತ್ಸಕ ಬೈಯುವುದೂ ಇಲ್ಲ, ಇರಲಿ ಬಿಡಿ ಎಂದು ಸಮಾಧಾನಪಡಿಸುವುದೂ ಇಲ್ಲ. ‘ನಾನು ಏನು ಹೇಳುವೆನೆಂದು ಎಣಿಸಿದಿರಿ?’ ಎಂದಷ್ಟೇ ಕೇಳುತ್ತಾನೆ. ಆ ಪ್ರಶ್ನೆಯ ಹಿಂದಿನ ಮೌನದಲ್ಲಿ ಎಂದೋ ತೀರಿಹೋದ ತಂದೆಯ ಗದರಿಕೆ ಅವನಿಗೆ ಕೇಳಿಸಬಹುದು. ಹಳೆಯ ಸಂಬಂಧದ ಭಯ ಹೊಸ ಮನುಷ್ಯನ ಮೇಲೆ ಹೀಗೆ ಹರಿಯುವುದನ್ನು ಈ ಶಾಸ್ತ್ರ ಬಹುವಾಗಿ ಗಮನಿಸುತ್ತದೆ. ಇಷ್ಟರಿಂದಲೇ ಕೆಲಸ ಮುಗಿಯದು. ಮುಂದಿನ ವಾರ ಅವನು ಬರದೆಯೇ ಉಳಿಯಬಹುದು, ಬಂದರೂ ಮಳೆ ಬೆಳೆಯ ಮಾತಿನಲ್ಲಿ ಹೊತ್ತು ಕಳೆಯಬಹುದು. ಆ ತಪ್ಪಿಸಿಕೊಳ್ಳುವಿಕೆಯೂ ಚಿಕಿತ್ಸೆಯ ವಸ್ತುವೇ. ಕಂಡುಕೊಂಡುದನ್ನೇ ಮತ್ತೆ ಮತ್ತೆ ಕಾಣುತ್ತ ತಿಂಗಳುಗಳು, ಒಮ್ಮೊಮ್ಮೆ ವರ್ಷಗಳು ಕಳೆಯುತ್ತವೆ. ತೀವ್ರವಾದ ಚಿತ್ತವಿಕಾರದಲ್ಲಿ ಈ ದಾರಿ ಹೊಂದುವುದಿಲ್ಲ. ಅಲ್ಲಿ ಔಷಧವೇ ಮೊದಲು.

ನಮ್ಮ ಸೀಮೆಯವರಿಗೆ ಇದರ ವೈಶಿಷ್ಟ್ಯ ಹೊಳೆಯಬೇಕಾದರೆ ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕವನ್ನು ನೆನೆಯಬಹುದು. ಭರತಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಲಕ್ಷಾಂತರ ಜನ ಸ್ತಬ್ಧರಾಗುತ್ತಾರೆ. ಅವನಾಡುವುದು ಒಂದೇ ನುಡಿ, ಅದೂ ಒಗಟು. ರೈತ ಅದರಲ್ಲಿ ಮಳೆಯನ್ನು ಕಾಣುತ್ತಾನೆ, ವ್ಯಾಪಾರಿ ಧಾರಣೆಯನ್ನು, ರಾಜಕಾರಣಿ ಕುರ್ಚಿಯನ್ನು. ಅರ್ಥ ಕೇಳುವವನ ಒಳಗಿನಿಂದಲೇ ಹೊರಡುತ್ತದೆ ಎಂಬಷ್ಟರ ಮಟ್ಟಿಗೆ ಎರಡಕ್ಕೂ ನಂಟುಂಟು. ಆದರೆ ಚಿಕಿತ್ಸೆಯ ಕೊಠಡಿಯಲ್ಲಿ ಒಗಟಿನ ನುಡಿಯೂ ರೋಗಿಯದೇ. ಸದ್ದಡಗಿ ಕೇಳಬೇಕಾದವನು ಚಿಕಿತ್ಸಕ. ಮಠದಲ್ಲಾಗಲಿ ಮನೆಯ ಹಿರಿಯರಲ್ಲಾಗಲಿ ನಮಗೆ ಸಿಕ್ಕುವುದು ಉಪದೇಶ. ಅದು ಬೇಡವೆನ್ನುವಂತಿಲ್ಲ, ಆದರೆ ಉಪದೇಶ ಕೇಳಿ ತಲೆದೂಗುವುದರಲ್ಲಿ ನಮ್ಮ ಗುಮಾಸ್ತ ಆಗಲೇ ನಿಸ್ಸೀಮ.

ಇಂಥ ವಿಚಾರಗಳಿಗೆ ಕನ್ನಡದ ಬಾಯಿ ಕೊಟ್ಟವರಲ್ಲಿ ಡಾ. ಎಂ. ಶಿವರಾಂ ಅವರ ಹೆಸರು ದೊಡ್ಡದು. ‘ರಾಶಿ’ ಎಂಬ ಹೆಸರಿನಿಂದ ‘ಕೊರವಂಜಿ’ಯ ಮೂಲಕ ನಾಡನ್ನು ನಗಿಸಿದ ಈ ವೈದ್ಯರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕಥೆ, ಕಾವ್ಯಗಳಿಗೆ ಮೀಸಲೆಂದು ನಾವು ಬಗೆಯುವ ಮನ್ನಣೆ ಮನೋವೈದ್ಯದ ಕೃತಿಗೆ ಸಂದದ್ದು ನಮ್ಮ ಸಾಹಿತ್ಯಚರಿತ್ರೆಯಲ್ಲಿ ಇನ್ನಷ್ಟು ಚರ್ಚೆಗೆ ಯೋಗ್ಯವಾದ ಘಟನೆ.

ಅದಾದ ಒಂದು ದಶಕದೊಳಗೆ ಮನೋವೈದ್ಯವೇ ನಮ್ಮ ಹಳ್ಳಿಗಳಿಗೆ ಬಂದಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಿಂದ 1990ರವರೆಗೆ ಸುಮಾರು 20 ಲಕ್ಷ ಜನಸಂಖ್ಯೆಯ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳೆಲ್ಲ ಆಗ ಬಳ್ಳಾರಿಯವೇ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸುವ ತರಬೇತಿ ದೊರೆಯಿತು. ಬೇಕಾದ ಕೆಲವೇ ಔಷಧಗಳು ಕೇಂದ್ರದಲ್ಲಿಯೇ ಸಿಕ್ಕುವಂತಾಯಿತು. ಕಟ್ಟಿಹಾಕಿದ್ದವರು, ದೆವ್ವ ಹಿಡಿದಿದೆಯೆಂದು ಗುಡಿಯಿಂದ ಗುಡಿಗೆ ಅಲೆಸಿದವರು ಊರಿನ ಹತ್ತಿರವೇ ಚಿಕಿತ್ಸೆ ಪಡೆಯುವ ದಾರಿ ತೆರೆಯಿತು. ಈ ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾಯಿತು. ಬರಗಾಲಕ್ಕೂ ಗಣಿಗೂ ಹೆಸರಾದ ಜಿಲ್ಲೆಗೆ ಈ ಕೀರ್ತಿಯೂ ಇದೆಯೆಂಬುದು ಇಲ್ಲಿಯವರಲ್ಲಿ ಎಷ್ಟು ಜನಕ್ಕೆ ಗೊತ್ತು?

ಗುಳಿಗೆ ಹಳ್ಳಿಗೆ ಬಂದಷ್ಟು ಸಲೀಸಾಗಿ ಮುಕ್ಕಾಲು ಗಂಟೆಯ ಮಾತು ಬರಲಾರದು. ಸಾಲುಗಟ್ಟಿ ನಿಂತ ರೋಗಿಗಳೆದುರು ವೈದ್ಯನಿಗೆ ಆ ಬಿಡುವೆಲ್ಲಿ? 2022ರ ಅಕ್ಟೋಬರಿನಿಂದ 14416 ಸಂಖ್ಯೆಗೆ ಫೋನು ಮಾಡಿ ಕನ್ನಡದಲ್ಲಿಯೇ ಆಪ್ತಸಲಹೆ ಪಡೆಯುವ ‘ಟೆಲಿ ಮಾನಸ್’ ವ್ಯವಸ್ಥೆ ಇದೆ. ಅದು ಬಾಗಿಲು, ಮನೆಯಲ್ಲ. ಬಿಡುವಿನಷ್ಟೇ ದೊಡ್ಡ ಪ್ರಶ್ನೆ ಭಾಷೆಯದು. ನಮ್ಮ ಕಡೆಯ ಹೆಣ್ಣುಮಗಳು ತನಗೆ ‘ಖಿನ್ನತೆ’ ಎನ್ನಳು. ಎದೆ ಭಾರ ಎನ್ನುತ್ತಾಳೆ, ಜೀವಕ್ಕೆ ಬ್ಯಾಸರ ಎನ್ನುತ್ತಾಳೆ. ಅವಳ ಅತ್ತೆ ‘ಅಕಿ ಯಾವುದನ್ನೋ ಮನಸ್ಸಿಗೆ ಹಚ್ಚಿಕೊಂಡಾಳ’ ಎನ್ನುತ್ತಾಳೆ. ಎದೆ ಭಾರವೆಂದವಳಿಗೆ ಹೃದಯದ ಪರೀಕ್ಷೆ ಆಗಲೇಬೇಕು. ಅದು ಮುಗಿದ ಮೇಲೆ, ಏನನ್ನು ಹಚ್ಚಿಕೊಂಡೆ, ಯಾವಾಗಿನಿಂದ, ಯಾರಿಗೂ ಹೇಳದೆ ಹೇಗೆ ಇಟ್ಟುಕೊಂಡೆ ತಾಯಿ, ಎಂದು ಅವಳ ಮಾತಿನಲ್ಲಿಯೇ ಕೇಳಬಲ್ಲ ಒಬ್ಬರು ಕೊಟ್ಟೂರಿನಿಂದ ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಹಿಂತಿರುಗಬಹುದಾದಷ್ಟು ದೂರದಲ್ಲಿ ಇರಬೇಕು.