ಬಾಯಿಂದ ಮೇಲಕ್ಕೆ: ಒದ್ದೆ ಕಲ್ಲಿದ್ದಲಿನ ಬಂಕರುಗಳಲ್ಲಿ ಹರಿವಿನ ಸುಧಾರಣೆ

ಮಳೆಗಾಲದಲ್ಲಿ ಶಾಖೋತ್ಪನ್ನ ಸ್ಥಾವರದ ವಿದ್ಯುತ್ ಉತ್ಪಾದನೆ ಕುಸಿಯಲು ಬಾಯ್ಲರೋ ಟರ್ಬೈನೋ ಕೆಡಬೇಕಾಗಿಲ್ಲ. ಒದ್ದೆ ಕಲ್ಲಿದ್ದಲು ಬಂಕರಿನಿಂದ ಕೆಳಗಿಳಿಯದಿದ್ದರೆ ಸಾಕು. 210 ಮೆಗಾವ್ಯಾಟ್ ಸಾಮರ್ಥ್ಯದ ಒಂದು ಘಟಕ ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು 140ರಿಂದ 150 ಟನ್ ಕಲ್ಲಿದ್ದಲು ಸುಡುತ್ತದೆ. ರಾಯಚೂರಿನ ಶಕ್ತಿನಗರದಲ್ಲಿ ಇದೇ ಅಳತೆಯ ಏಳು ಘಟಕಗಳಿವೆ. ದೂರದ ಗಣಿಗಳಿಂದ ತೆರೆದ ವ್ಯಾಗನ್ನುಗಳಲ್ಲಿ ಬರುವ ಕಲ್ಲಿದ್ದಲು ದಾರಿಯಲ್ಲೂ ನೆನೆಯುತ್ತದೆ, ಅಂಗಳದ ರಾಶಿಯಲ್ಲೂ ನೆನೆಯುತ್ತದೆ. ಕ್ರಷರ್ ದಾಟಿ ಬಂಕರಿಗೆ ಬಿದ್ದ ಮೇಲೆ ಅದು ತನ್ನ ತೂಕದಿಂದಲೇ ಫೀಡರಿಗೆ ಇಳಿಯಬೇಕು. ಇಳಿಯದಿದ್ದಾಗ ಫೀಡರಿನ ಬೆಲ್ಟು ಬರಿದೇ ಓಡುತ್ತದೆ, ಕಲ್ಲಿದ್ದಲನ್ನು ಪುಡಿಮಾಡುವ ಮಿಲ್ಲು ನಿಲ್ಲುತ್ತದೆ, ಕುಲುಮೆಯ ಜ್ವಾಲೆ ಕಾಯ್ದುಕೊಳ್ಳಲು ಎಣ್ಣೆ ಉರಿಸಬೇಕಾಗುತ್ತದೆ. ಅಷ್ಟರಲ್ಲಿ ಕೆಲಸಗಾರರು ಸುತ್ತಿಗೆ ಹಿಡಿದು ಬಂಕರಿನ ಹೊಟ್ಟೆಗೆ ಬಡಿಯಲು ಶುರು ಮಾಡಿರುತ್ತಾರೆ.

ಈ ಲೇಖನದ ವಾದ ಇಷ್ಟು. ಬಂಕರು, ಅದರ ಕೆಳಗಿನ ಇಳಿಜಾರಾದ ಹಾಪರು, ಗೇಟು, ಫೀಡರು ಇವು ಬೇರೆ ಬೇರೆ ಖರೀದಿಯ ವಸ್ತುಗಳಾಗಿದ್ದರೂ ಹರಿವಿನ ದೃಷ್ಟಿಯಿಂದ ಒಂದೇ ಯಂತ್ರ. ಆ ಯಂತ್ರದ ಸುಧಾರಣೆ ಕಲ್ಲಿದ್ದಲು ಹೊರಬೀಳುವ ಕೆಳಗಿನ ಬಾಯಿಂದ ಆರಂಭವಾಗಿ ಮೇಲಕ್ಕೆ ಹೋಗಬೇಕು. ನಮ್ಮಲ್ಲಿ ನಡೆಯುವುದು ತಿರುವುಮುರುವು. ಹೊರಗೋಡೆಗೆ ವೈಬ್ರೇಟರು ಅಂಟಿಸುವುದರಿಂದ ತೊಡಗಿ, ಎಲ್ಲ ಸೋತ ಮೇಲೆ ಬಾಯಿಯ ಅಳತೆಯನ್ನು ಕೇಳುತ್ತೇವೆ.

ರಾಶಿ ದ್ರವದಂತೆ ನಡೆಯುವುದಿಲ್ಲ

ಬಂಕರು ತುಂಬಿದಷ್ಟೂ ಕೆಳಗೆ ಒತ್ತಡ ಹೆಚ್ಚಿ ಹರಿವು ಸಲೀಸಾಗುತ್ತದೆಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಅದು ನೀರಿನ ತೊಟ್ಟಿಗೆ ಸಲ್ಲುವ ಮಾತು. ಧಾನ್ಯದ ಸೈಲೊಗಳ ಮೇಲೆ ಪ್ರಯೋಗ ಮಾಡಿದ ಜರ್ಮನಿಯ ಯಾನ್ಸೆನ್ 1895ರಲ್ಲೇ ಬೇರೆ ಲೆಕ್ಕ ಕೊಟ್ಟರು: ಕಾಳುಗಳು ಗೋಡೆಗೆ ಉಜ್ಜಿಕೊಂಡು ತಮ್ಮ ಭಾರದ ಬಹುಪಾಲನ್ನು ಗೋಡೆಗೇ ದಾಟಿಸುತ್ತವೆ, ಹಾಗಾಗಿ ಒಂದು ಆಳದ ನಂತರ ಒತ್ತಡ ಏರುವುದೇ ನಿಲ್ಲುತ್ತದೆ. 6 ಮೀಟರ್ ವ್ಯಾಸ, 20 ಮೀಟರ್ ಎತ್ತರದ ನೆಟ್ಟನೆಯ ಬಂಕರನ್ನು ಊಹಿಸಿಕೊಳ್ಳಿ. ಘನ ಮೀಟರಿಗೆ 850 ಕಿಲೊ ತೂಗುವ ದ್ರವವಿದ್ದರೆ ತಳದಲ್ಲಿ ಸುಮಾರು 167 ಕಿಲೊಪಾಸ್ಕಲ್ ಒತ್ತಡ ಇರುತ್ತಿತ್ತು. ಅಷ್ಟೇ ತೂಗುವ ಕಲ್ಲಿದ್ದಲಿದ್ದರೆ, ಗೋಡೆಯ ಘರ್ಷಣಾಂಕ 0.5 ಮತ್ತು ಅಡ್ಡ ಒತ್ತಡದ ಅನುಪಾತ 0.4 ಎಂದು ಹಿಡಿದಾಗ, 60 ಕಿಲೊಪಾಸ್ಕಲನ್ನೂ ಮುಟ್ಟುವುದಿಲ್ಲ.

ಹೊರಬೀಳುವ ವೇಗವೂ ಮೇಲಿನ ಎತ್ತರವನ್ನು ನೆಚ್ಚಿಲ್ಲ. ಅಂಟಿಲ್ಲದ ಕಾಳುಗಳ ಹರಿವಿನ ಪ್ರಮಾಣ ಬಾಯಿಯ ವ್ಯಾಸದ ಎರಡೂವರೆ ಘಾತದಂತೆ ಏರುತ್ತದೆಂದು ಬೆವರ್ಲೂ ಮತ್ತು ಸಂಗಡಿಗರು 1961ರಲ್ಲಿ ಸೂತ್ರ ಕೊಟ್ಟರು. ಬಾಯನ್ನು ಎರಡರಷ್ಟು ಮಾಡಿದರೆ ಹರಿವು ಐದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಮೇಲೆ ಇನ್ನೂ ಹತ್ತು ಮೀಟರ್ ಪೇರಿಸಿದರೆ ಹೇಳಿಕೊಳ್ಳುವಂಥದ್ದೇನೂ ಆಗದು. ಕೆಲಸ ಬಾಯಿಂದ ಶುರುವಾಗಬೇಕೆನ್ನಲು ಇದು ಮೊದಲ ಕಾರಣ.

ಕಮಾನಿನ ಲೆಕ್ಕ

ಬಾಯಿಯ ಮೇಲೆ ಕಮಾನು ಕಟ್ಟುವುದು ಎರಡು ಬಗೆ. ದೊಡ್ಡ ತುಂಡುಗಳು ಒಂದಕ್ಕೊಂದು ಸಿಕ್ಕಿಕೊಂಡು ಕಟ್ಟುವ ಕಮಾನು ಒಂದು. ಇದನ್ನು ತಪ್ಪಿಸಲು ದುಂಡು ಬಾಯಿಯ ವ್ಯಾಸ ಅತಿ ದೊಡ್ಡ ತುಂಡಿನ ಆರರಿಂದ ಎಂಟು ಪಟ್ಟು ಇದ್ದರೆ ಸಾಕು. ಕ್ರಷರಿನಿಂದ 25 ಮಿಲಿಮೀಟರಿಗೆ ಇಳಿದು ಬರುವ ಕಲ್ಲಿದ್ದಲಿಗೆ 200 ಮಿಲಿಮೀಟರ್ ಬಾಯಿ ಸಾಕಾಗಬೇಕು. ಅದಕ್ಕಿಂತ ಎಷ್ಟೋ ದೊಡ್ಡ ಬಾಯಿಗಳೂ ಕಟ್ಟಿಕೊಳ್ಳುತ್ತವೆ ಎಂದರೆ ತಪ್ಪು ತುಂಡುಗಳದ್ದಲ್ಲ. ನೀರನ್ನು ಹಿಡಿದಿಡುವುದು ಪುಡಿ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಸಾಮಾನ್ಯವಾಗಿ ಶೇಕಡ 30ರಿಂದ 45. ಅದರಲ್ಲಿ ಬೆರೆತಿರುವ ಜೇಡಿ ನೆನೆದಾಗ ಕಣಗಳು ಕಚ್ಚಿಕೊಳ್ಳುತ್ತವೆ. ಎರಡನೆಯ ಬಗೆಯ ಕಮಾನು ಈ ಅಂಟಿನಿಂದ ಹುಟ್ಟುತ್ತದೆ.

ಇದನ್ನು ಅಳತೆಗೆ ತಂದವರು ವಾರ್ಸಾದಲ್ಲಿ ಹುಟ್ಟಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಆಂಡ್ರ್ಯೂ ಜೆನಿಕೆ. 1961 ಮತ್ತು 1964ರಲ್ಲಿ ಅಲ್ಲಿಂದ ಹೊರಬಂದ ಅವರ ಎರಡು ವರದಿಗಳು ಇಂದಿಗೂ ಹಾಪರ್ ವಿನ್ಯಾಸದ ಬುನಾದಿ. ಅವರ ಪ್ರಶ್ನೆ ನೇರವಾದದ್ದು: ಇಷ್ಟು ಒತ್ತಡಕ್ಕೆ ಅದುಮಿದ ಪುಡಿ, ಸುತ್ತಲ ಆಸರೆ ತೆಗೆದ ಮೇಲೂ ತಾನಾಗಿ ಎಷ್ಟು ಬಲದವರೆಗೆ ನಿಂತೀತು? ಈ ‘ನಿಲುಬಲ’ವನ್ನು ಶಿಯರ್ ಸೆಲ್ ಎಂಬ ಪುಟ್ಟ ಉಂಗುರದ ಪೆಟ್ಟಿಗೆಯಲ್ಲಿ ಅಳೆಯಬಹುದು. ಕಮಾನಿನೊಳಗಿನ ಒತ್ತಡ ನಿಲುಬಲವನ್ನು ಮೀರುವಷ್ಟು ಬಾಯಿ ಅಗಲವಿದ್ದರೆ ಕಮಾನು ತಾನೇ ಮುರಿಯುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ಒಣ ಕಲ್ಲಿದ್ದಲಿನ ನಿಲುಬಲ 1.5 ಕಿಲೊಪಾಸ್ಕಲ್ ಎನ್ನಿ. ಇದನ್ನು ಘನ ಮೀಟರಿನ ತೂಕದಿಂದ (ಮೇಲಿನ 850 ಕಿಲೊ) ಭಾಗಿಸಿ ಜೆನಿಕೆಯ ಗುಣಾಂಕದಿಂದ ಗುಣಿಸಿದರೆ ಬಾಯಿಯ ಅಳತೆ ಸಿಗುತ್ತದೆ. ದುಂಡು ಬಾಯಿಗೆ ಆ ಗುಣಾಂಕ 2.2 ಆದರೆ ಬೇಕಾದ ವ್ಯಾಸ ಸುಮಾರು 0.4 ಮೀಟರ್. ಅದೇ ಕಲ್ಲಿದ್ದಲು ನೆನೆದು ನಿಲುಬಲ 5 ಕಿಲೊಪಾಸ್ಕಲಿಗೆ ಏರಿದರೆ ಬೇಕಾದದ್ದು 1.3 ಮೀಟರ್. ಬೇಸಿಗೆಯಲ್ಲಿ ಒಮ್ಮೆಯೂ ತಕರಾರು ಮಾಡದ 0.9 ಮೀಟರಿನ ಬಾಯಿ ಜುಲೈನಲ್ಲಿ ಕಟ್ಟಿಕೊಳ್ಳಲು ಇಷ್ಟೇ ಕಾರಣ ಸಾಕು. ಇನ್ನು ಬಾಯಿ ದುಂಡಗಿರದೆ ಉದ್ದ ಸೀಳಿನ ಆಕಾರದಲ್ಲಿದ್ದರೆ ಗುಣಾಂಕ ಅರ್ಧಕ್ಕಿಳಿಯುತ್ತದೆ, 0.66 ಮೀಟರ್ ಅಗಲವೇ ಸಾಕು, ಉದ್ದ ಮಾತ್ರ ಅಗಲದ ಮೂರು ಪಟ್ಟಾದರೂ ಇರಬೇಕು. ಒದ್ದೆ ಕಲ್ಲಿದ್ದಲಿಗೆ ಸೀಳುಬಾಯಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಲುಬಲ ಎರಡು ಸಂಗತಿಗಳಿಂದ ಏರುತ್ತದೆ, ತೇವ ಮತ್ತು ಕಾಲ. ತೇವ ಹೆಚ್ಚಿದಂತೆ ಅಂಟು ಹೆಚ್ಚುತ್ತ ಹೋಗಿ, ಕಣಗಳ ನಡುವಿನ ಸಂದುಗಳು ಬಹುಪಾಲು ತುಂಬಿದಾಗ ತುತ್ತತುದಿ ಮುಟ್ಟಿ, ಅದಾದ ಮೇಲೆ ಕೆಸರಾಗಿ ಇಳಿಯುತ್ತದೆ. ಕಾಲದ ಮಾತು ಇನ್ನೂ ಮುಖ್ಯ. ಓಡುತ್ತಿರುವಾಗ ಇಳಿಯುವ ಕಲ್ಲಿದ್ದಲೇ ಎರಡು ದಿನ ಅಲುಗದೆ ಕೂತರೆ ಕಲ್ಲಾಗುತ್ತದೆ. ಆದ್ದರಿಂದ ಪರೀಕ್ಷೆಗೆ ಒಣ ಮಾದರಿ ಕಳಿಸಿ ಪಡೆದ ವರದಿಯಿಂದ ಪ್ರಯೋಜನವಿಲ್ಲ. ಜೋರು ಮಳೆಯ ವಾರದಲ್ಲಿ ಫೀಡರಿನ ಮೇಲಿಂದಲೇ ತೆಗೆದು, ಗಾಳಿಯಾಡದಂತೆ ಕಟ್ಟಿದ ಮಾದರಿಯನ್ನು ಭಾರದಡಿ 48 ಗಂಟೆ ಕೂರಿಸಿ ಅಳೆಯಬೇಕು.

ಗೋಡೆ ಮತ್ತು ಮೂಲೆ

ಬಾಯಿ ಸಾಕಷ್ಟಿದ್ದರೂ ಗೋಡೆ ಸಾಕಷ್ಟು ಕಡಿದಾಗಿಲ್ಲದಿದ್ದರೆ ನಡುವಿನ ಕಲ್ಲಿದ್ದಲು ಮಾತ್ರ ಇಳಿದು ಅಂಚಿನದು ಕೂತುಬಿಡುತ್ತದೆ. ಇದು ಆಲಿಕೆ ಹರಿವು. ರಾಶಿಯೆಲ್ಲ ಒಟ್ಟಿಗೆ ಜಾರುವುದು ಪೂರ್ಣ ಹರಿವು. ಆಲಿಕೆ ಹರಿವಿನಲ್ಲಿ ಬಾಯಿಯ ನೇರಕ್ಕೆ ಬಾವಿಯಂಥ ಬಿಲ ಬಿದ್ದು, ಸುತ್ತಲಿನ ಕಲ್ಲಿದ್ದಲು ವಾರಗಟ್ಟಲೆ ಅಲ್ಲೇ ಇರುತ್ತದೆ. ನೂರಾರು ಟನ್ ಹಿಡಿಯುವ ಬಂಕರು ಆಗ ಸಣ್ಣ ಕೊಳವೆಯಷ್ಟೇ ಕೆಲಸ ಮಾಡುತ್ತದೆ. ಕೂತ ಕಲ್ಲಿದ್ದಲು ಗಾಳಿ ತಾಗಿ ತಾನಾಗಿ ಕಾಯುತ್ತ ಹೋಗಿ ಬೆಂಕಿ ಹೊತ್ತಿಕೊಳ್ಳುವ ಭಯವೂ ಉಂಟು.

ನಮ್ಮ ಹಳೆಯ ಬಂಕರುಗಳಲ್ಲಿ ಚೌಕಾಕಾರದ ಹಾಪರುಗಳು ಸಾಕಷ್ಟಿವೆ. ನಕ್ಷೆಯಲ್ಲಿ ಗೋಡೆಯ ಇಳಿಜಾರು 60 ಡಿಗ್ರಿ ಎಂದು ಬರೆದಿರುತ್ತದೆ. ಆದರೆ ಎರಡು ಗೋಡೆ ಕೂಡುವ ಮೂಲೆಯ ಇಳಿಜಾರನ್ನು ಲೆಕ್ಕ ಹಾಕಿದರೆ ಬರುವುದು 51 ಡಿಗ್ರಿಗಿಂತ ತುಸು ಕಡಿಮೆ. ಗೋಡೆಯನ್ನು 70ಕ್ಕೆ ಏರಿಸಿದರೂ ಮೂಲೆ 63 ಡಿಗ್ರಿಯನ್ನು ದಾಟದು. ಒದ್ದೆ ಕಲ್ಲಿದ್ದಲು ಮೊದಲು ಹಿಡಿಯುವುದು ಈ ಮೂಲೆಗಳನ್ನೇ. ಮೂಲೆಗೆ ದುಂಡಾಗಿ ಬಾಗಿಸಿದ ತಗಡು ಕೂರಿಸುವುದು ಅಗ್ಗದ ಕೆಲಸ, ಲಾಭ ದೊಡ್ಡದು.

ಎಷ್ಟು ಕಡಿದಾಗಿರಬೇಕೆಂಬುದನ್ನು ಗೋಡೆಯ ನುಣುಪು ನಿರ್ಧರಿಸುತ್ತದೆ. ತುಕ್ಕು ಹಿಡಿದ ಸಾದಾ ಉಕ್ಕಿನ ಶಂಕುವಿನಲ್ಲಿ ಪೂರ್ಣ ಹರಿವು ಸಾಧಿಸಲು ಲಂಬದಿಂದ ಹತ್ತು ಡಿಗ್ರಿಯ ಆಸುಪಾಸಿನಲ್ಲೇ ಇರಬೇಕಾಗಬಹುದು. ಅಷ್ಟು ಎತ್ತರಕ್ಕೆ ಬಾಯ್ಲರ್ ಕಟ್ಟಡದಲ್ಲಿ ಜಾಗವಿರುವುದಿಲ್ಲ. ನುಣುಪಾದ ಸ್ಟೇನ್‌ಲೆಸ್ ತಗಡು ಇಲ್ಲವೇ ಅತಿ ಹೆಚ್ಚು ಅಣುತೂಕದ ಪಾಲಿಥಿಲೀನ್ ಹಾಸು ಹಾಕಿದರೆ ಈ ಮಿತಿ ಸಡಿಲವಾಗುತ್ತದೆ, ಸೀಳುಬಾಯಿಯ ಹಾಪರಿನಲ್ಲಿ ಇನ್ನೊಂದು ಹತ್ತು ಡಿಗ್ರಿ ರಿಯಾಯಿತಿ ಸಿಗುತ್ತದೆ. ತಗಡುಗಳನ್ನು ಹೆಂಚು ಹೊದಿಸಿದ ಹಾಗೆ ಮೇಲಿನದರ ಅಂಚು ಕೆಳಗಿನದರ ಮೇಲೆ ಬರುವಂತೆ ಹೊದಿಸಬೇಕು. ತಲೆಕೆಳಗಾದರೆ ಪ್ರತಿ ಅಂಚೂ ಕಲ್ಲಿದ್ದಲು ಕೂರುವ ಮೆಟ್ಟಿಲಾಗುತ್ತದೆ. ಸುತ್ತಿಗೆಯ ಪೆಟ್ಟು ಮಾಡುವುದೂ ಇದನ್ನೇ: ಹೊರಗಿನ ಒಂದೊಂದು ತಗ್ಗು ಒಳಗೆ ಒಂದೊಂದು ಉಬ್ಬು. ಇಂದು ಬಡಿದು ಬಿಡಿಸಿದ ಜಾಗದಲ್ಲೇ ನಾಳೆ ಬೇಗ ಕಟ್ಟುತ್ತದೆ.

ಗೇಟು, ಫೀಡರು

ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಿದ್ದು ಇಲ್ಲಿ. ಮೇಲಿನ ಲೆಕ್ಕವೆಲ್ಲ ಕಲ್ಲಿದ್ದಲು ಇಡೀ ಬಾಯಿಂದ ಇಳಿಯುತ್ತದೆ ಎಂಬುದರ ಮೇಲೆ ನಿಂತಿದೆ. ಗೇಟನ್ನು ಅರ್ಧ ತೆರೆದಿಟ್ಟು ಹರಿವನ್ನು ಹದ ಮಾಡುವ ಅಭ್ಯಾಸವಿದ್ದರೆ ಬಾಯಿ ಅರ್ಧವಾದಂತೆಯೇ. ಮುಚ್ಚಿದ ಭಾಗದ ಮೇಲಿನದು ಸತ್ತ ರಾಶಿ. ಗೇಟು ಪೂರ್ತಿ ತೆರೆದಿರಬೇಕು ಇಲ್ಲವೇ ಪೂರ್ತಿ ಮುಚ್ಚಿರಬೇಕು, ಹದ ಮಾಡುವುದು ಫೀಡರಿನ ಕೆಲಸ.

ಫೀಡರಿಗೂ ಪಕ್ಷಪಾತವಿದೆ. ಒಂದೇ ಅಂತರದ ಸುರುಳಿಯ ಸ್ಕ್ರೂ ಫೀಡರು ಹಿಂಬದಿಯಲ್ಲೇ ತುಂಬಿಕೊಂಡುಬಿಡುತ್ತದೆ, ಮುಂದಿನ ಬಾಯಿಂದ ಏನನ್ನೂ ಎಳೆಯುವುದಿಲ್ಲ. ಉದ್ದಕ್ಕೂ ಒಂದೇ ಸಂದು ಬಿಟ್ಟ ಬೆಲ್ಟ್ ಫೀಡರು ಮಾಡುವುದೂ ಅದನ್ನೇ. ಸ್ಕ್ರೂವಿನ ಸುರುಳಿಯ ಅಂತರ ಮುಂದೆ ಹೋದಂತೆ ಹಿಗ್ಗಬೇಕು. ಬೆಲ್ಟಿನ ಮೇಲಿನ ಬಾಯಿ ಅಗಲದಲ್ಲೂ ಎತ್ತರದಲ್ಲೂ ಚಲನೆಯ ದಿಕ್ಕಿಗೆ ತೆರೆದುಕೊಳ್ಳಬೇಕು. ಹಾಪರಿನಿಂದ ಗೇಟಿಗೆ, ಗೇಟಿನಿಂದ ಫೀಡರಿಗೆ ಬರುವ ಪ್ರತಿ ಜೋಡಣೆಯಲ್ಲಿ ಕೆಳಗಿನ ತುಂಡು ಮೇಲಿನದಕ್ಕಿಂತ ತುಸು ದೊಡ್ಡದಿರಬೇಕು. ಒಳಕ್ಕೆ ಒಂದು ಅಂಗುಲ ಚಾಚಿದ ಫ್ಲ್ಯಾಂಜು, ಉಜ್ಜದೆ ಬಿಟ್ಟ ವೆಲ್ಡಿಂಗ್ ಗಂಟು ಇವು ಲಕ್ಷಾಂತರ ರೂಪಾಯಿಯ ಹಾಸನ್ನು ವ್ಯರ್ಥ ಮಾಡಬಲ್ಲವು. ಟಾರ್ಚ್ ಹಿಡಿದು ಫೀಡರಿನ ತಪಾಸಣೆ ಬಾಗಿಲಿಂದ ಮೇಲಕ್ಕೆ ನೋಡಿದರೆ ಇವು ಕಣ್ಣಿಗೆ ಬೀಳುತ್ತವೆ.

ವೈಬ್ರೇಟರುಗಳಿಗೆ, ಗಾಳಿಯ ಹೊಡೆತ ಕೊಡುವ ಏರ್ ಕ್ಯಾನನ್ನುಗಳಿಗೆ ಜಾಗವಿಲ್ಲವೆಂದಲ್ಲ. ಬಾಯಿ ಮುಚ್ಚಿರುವಾಗ ವೈಬ್ರೇಟರ್ ಓಡಿಸಿದರೆ ರಾಶಿ ಇನ್ನಷ್ಟು ಗಟ್ಟಿಯಾಗುತ್ತದೆ. ಕಲ್ಲಿದ್ದಲು ಇಳಿಯುತ್ತಿರುವಾಗ ಮಾತ್ರ ಅದು ಓಡಬೇಕು. ಏರ್ ಕ್ಯಾನನ್ನುಗಳನ್ನು ಕೆಳಗಿನದರಿಂದ ಮೇಲಕ್ಕೆ ಒಂದೊಂದಾಗಿ ಹಾರಿಸಬೇಕು, ಸಡಿಲವಾದದ್ದಕ್ಕೆ ಇಳಿಯಲು ತಾವು ಸಿಗಬೇಕಲ್ಲ.

ಆದರೆ ಕಟ್ಟಿದ ಬಂಕರಿನೊಳಗೆ ಹಾರೆ ಕೊಟ್ಟು ಮನುಷ್ಯನನ್ನು ಇಳಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಕಾಲಡಿಯ ಕಮಾನು ಕುಸಿದರೆ ಕ್ಷಣಗಳಲ್ಲಿ ಹೂತುಹೋಗುತ್ತಾನೆ, ಎದೆಯವರೆಗೆ ಹೂತವನನ್ನು ಬರಿಗೈಯಲ್ಲಿ ಎಳೆದು ತೆಗೆಯಲಾಗದು. ಬಾಯಿಯ ಅಳತೆಯ ತಪ್ಪಿಗೆ ದಿನಗೂಲಿಯ ಕೆಲಸಗಾರ ಜೀವ ತೆರಬಾರದು.

ಕ್ಷೇತ್ರ ಪ್ರಯೋಗಕ್ಕೆ ಒಂದು ಸೂಚನೆ

210 ಮೆಗಾವ್ಯಾಟಿನ ಘಟಕದಲ್ಲಿ ಸಾಮಾನ್ಯವಾಗಿ ಆರು ಮಿಲ್ಲುಗಳಿರುತ್ತವೆ, ಪ್ರತಿಯೊಂದಕ್ಕೂ ಅದರದೇ ಬಂಕರು. ಎಲ್ಲವೂ ಒಂದೇ ಕನ್ವೇಯರಿನಿಂದ ಒಂದೇ ಕಲ್ಲಿದ್ದಲನ್ನು ಪಡೆಯುವುದರಿಂದ ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಏರ್ಪಾಟು ಪ್ರಯೋಗಾಲಯದಲ್ಲೂ ಸಿಗದು. ವಾರ್ಷಿಕ ದುರಸ್ತಿಯ ವೇಳೆ ಒಂದೇ ಬಂಕರನ್ನು ಆರಿಸಿ, ಮೊದಲು ಫೀಡರಿನ ಬಾಯಿ ಮತ್ತು ಫ್ಲ್ಯಾಂಜುಗಳನ್ನು ಸರಿಪಡಿಸಿ, ನಂತರ ಮೂಲೆ, ಕೊನೆಗೆ ಹಾಸು, ಈ ಕ್ರಮದಲ್ಲಿ ಬದಲಿಸಬೇಕು. ಉಳಿದ ಐದನ್ನು ಹಾಗೇ ಬಿಡಬೇಕು. ಒಂದು ಮಳೆಗಾಲ ಪೂರ್ತಿ, ಪ್ರತಿ ಪಾಳಿಯಲ್ಲೂ ಆರು ಬಂಕರುಗಳಿಗೆ ಪ್ರತ್ಯೇಕವಾಗಿ ನಾಲ್ಕು ಸಂಗತಿ ಬರೆದಿಡಬೇಕು: ಫೀಡರು ಬರಿದಾಗಿ ಓಡಿದ ನಿಮಿಷಗಳು, ಕಲ್ಲಿದ್ದಲಿನ ತೇವಾಂಶ, ಆ ಮಿಲ್ಲು ನಿಂತದ್ದಕ್ಕೆ ಉರಿಸಿದ ಎಣ್ಣೆ, ಸುತ್ತಿಗೆ ಎತ್ತಿದ ಸಲಗಳು.