ಯಾವ ಮೆಣಸು?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡುಗೆಮನೆಯಲ್ಲಿ ‘ಮೆಣಸು ಕೊಡು’ ಎಂದರೆ ಮಾತು ಮುಗಿಯುವುದಿಲ್ಲ. ‘ಯಾವ ಮೆಣಸು?’ ಎಂದು ಮರುಪ್ರಶ್ನೆ ಬರುತ್ತದೆ. ಕಾಳುಮೆಣಸೋ, ಒಣಮೆಣಸೋ, ಹಸಿಮೆಣಸೋ, ಸೂಜಿಮೆಣಸೋ? (ಈ ಸೂಜಿಮೆಣಸನ್ನೇ ಕೆಲವರು ಜೀರಿಗೆಮೆಣಸು ಎನ್ನುತ್ತಾರೆ. ಜೀರಿಗೆಗೂ ಅದಕ್ಕೂ ನೆಂಟಸ್ತಿಕೆಯೇನಿಲ್ಲ, ಗಾತ್ರ ಸಣ್ಣದು ಅಷ್ಟೆ.) ಊರಮನೆಯಲ್ಲಿ ಆ ಪ್ರಶ್ನೆಗೆ ಜಾಗವೇ ಉತ್ತರ ಹೇಳುತ್ತಿತ್ತು. ಒಣಮೆಣಸು ನಾಗಂದಿಗೆಯ ಮೇಲಿನ ಡಬ್ಬಿಯಲ್ಲಿ, ದಿನಬಳಕೆಯ ಕಾಳುಮೆಣಸು ಸಂಬಾರ ಬಟ್ಟಲಿನಲ್ಲಿ, ಅದರ ವರ್ಷದ ದಾಸ್ತಾನು ಅಟ್ಟದ ಚೀಲದಲ್ಲಿ, ಹಸಿಮೆಣಸು ಹಿತ್ತಲಲ್ಲಿ. ಬೆಂಗಳೂರಿನ ಫ್ಲ್ಯಾಟಿನಲ್ಲಿ ನಾಗಂದಿಗೆಯೂ ಇಲ್ಲ, ಅಟ್ಟವೂ ಇಲ್ಲ. ಎಲ್ಲ ಮೆಣಸೂ ಒಂದೇ ಕಪಾಟಿನಲ್ಲಿ ಸಾಲಾಗಿ ಕೂತಿವೆ. ಹೀಗಾಗಿ ಡಬ್ಬಿಗೆ ಚೀಟಿ ಬೇಕು. ಬರಿಯ ‘ಮೆಣಸು’ ಎಂಬ ಚೀಟಿ ಯಾರ ಪಾಲಿಗೆ ಎಂಬ ತಕರಾರು ಶುರುವಾಗುವುದೇ ಇಲ್ಲಿ.

ರಾತ್ರಿ ಬಸ್ಸಿನಲ್ಲಿ ಊರಿಂದ ಬರುವ ಚೀಲದೊಳಗೆ ಹಳೆಯ ಹಾರ್ಲಿಕ್ಸ್ ಬಾಟಲಿಯ ತುಂಬ ಕಾಳುಮೆಣಸು ಇರುತ್ತದೆ. ಮೇಲೆ ‘ಮೆಣಸು’ ಎಂದಷ್ಟೇ ಬರೆದಿರುತ್ತದೆ. ಬಳ್ಳಿ ಬೆಳೆಸಿದವರು ಬರೆದದ್ದು, ಅವರಿಗೆ ಅದರಲ್ಲಿ ಅನುಮಾನವೇ ಇಲ್ಲ. ಇತ್ತ ಮಗಳು ಬ್ಯಾಡಗಿಯ ಡಬ್ಬಿಗೂ ಅದೇ ‘ಮೆಣಸು’ ಅಂಟಿಸಿರುತ್ತಾಳೆ. ಆಯಿ ಬಂದವಳು ತಂಬುಳಿಗೆಂದು ತುಪ್ಪ ಕಾಯಿಸಿ, ಜೀರಿಗೆ ಹಾಕಿ, ಚೀಟಿ ಓದಿ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಕೆಂಪಗೆ ಕಾಣುತ್ತದೆ. ‘ಮೆಣಸು ಎಲ್ಲಿದ್ದೇ?’ ‘ನಿನ್ನ ಕೈಯಲ್ಲೇ ಇದ್ದಲೇ ಆಯಿ.’ ಅಷ್ಟರಲ್ಲಿ ಜೀರಿಗೆ ಕಪ್ಪಾಗಿರುತ್ತದೆ.

ಹಕ್ಕಿನ ಮಾತಾದರೆ ಆಯಿಯದೇ ಸರಿ. 16ನೇ ಶತಮಾನಕ್ಕೆ ಮೊದಲು ಕನ್ನಡದಲ್ಲಿ ಮೆಣಸು ಎಂದರೆ ಬಳ್ಳಿಯ ಕಪ್ಪು ಕಾಳು. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ 11ನೇ ಶತಮಾನದ್ದು. ಅಡುಗೆಯ ವಿಚಾರವೂ ಇರುವ ಆ ಗ್ರಂಥದ ಕಾಲಕ್ಕೆ ಮೆಣಸಿನಕಾಯಿ ಅಮೆರಿಕ ಖಂಡ ಬಿಟ್ಟು ಹೊರಟಿರಲಿಲ್ಲ. ಕಾಳುಮೆಣಸಿನ ಆಸೆಗೆ 1498ರಲ್ಲಿ ಕಲ್ಲಿಕೋಟೆಗೆ ಬಂದಿಳಿದ ಪೋರ್ಚುಗೀಸರ ಕಡೆಯವರೇ ಆಮೇಲೆ ಮೆಣಸಿನಕಾಯಿಯನ್ನು ಗೋವೆಯ ದಾರಿಯಲ್ಲಿ ತಂದರು. ಹಿತ್ತಲಿನಲ್ಲಿ ಬೀಜ ಎಸೆದರೆ ಸಾಕು, ಏಳುತ್ತದೆ. ಮರವೂ ಬೇಡ, ನೆರಳೂ ಬೇಡ, ಬಳ್ಳಿಯ ಹಾಗೆ ವರ್ಷಗಟ್ಟಲೆ ಕಾಯುವುದೂ ಬೇಡ. ನೆಂಟನಾಗಿ ಬಂದವನು ಜಗುಲಿ ಹಿಡಿದ, ಮನೆಯ ಯಜಮಾನ ತನ್ನ ಹೆಸರಿನ ಹಿಂದೆ ‘ಕಾಳು’ ಅಂತಲೋ ‘ಕರಿ’ ಅಂತಲೋ ಸೇರಿಸಿಕೊಳ್ಳಬೇಕಾಯಿತು.

ತಮಿಳರು ಇಷ್ಟು ಉದಾರಿಗಳಾಗಲಿಲ್ಲ. ಅಲ್ಲಿ ಮಿಳಗು ಇಂದಿಗೂ ಕಾಳೇ, ಹೊಸದು ಮಿಳಗಾಯ್. ಮಲಯಾಳದಲ್ಲಿ ಮಾತ್ರ ನಮ್ಮ ಹಾಗೇ ಆಯಿತು. ಬರಿಯ ಮುಳಗು ಮೆಣಸಿನಕಾಯಿಯ ಪಾಲಾಗಿ, ಹಳೆಯದು ಕುರುಮುಳಗು ಆಯಿತು. ನನಗೆ ಇಷ್ಟವಾಗುವುದು ಕರಾವಳಿಯ ತೀರ್ಪು. ದಕ್ಷಿಣ ಕನ್ನಡದಲ್ಲಿ ಕಾಳಿಗೆ ಒಳ್ಳೆಮೆಣಸು ಎನ್ನುತ್ತಾರೆ, ತುಳುವಿನಲ್ಲಿ ಎಡ್ಡೆ ಮುಂಚಿ, ಮಲಯಾಳದಲ್ಲೂ ನಲ್ಲ ಮುಳಗು ಎಂಬ ಮಾತಿದೆ. ಹೆಸರು ಬಿಟ್ಟುಕೊಟ್ಟರೂ ‘ಒಳ್ಳೆಯದು’ ಯಾವುದೆಂಬುದನ್ನು ಮಾತ್ರ ಬಿಟ್ಟುಕೊಟ್ಟಿಲ್ಲ.

ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ರೈನಾ ದ ಪಿಮೆಂಟಾ’ ಎಂದು ಕರೆದರಂತೆ. ಅವಳ ಕಾಲದಲ್ಲಾದರೆ ‘ಮೆಣಸಿನ ರಾಣಿ’ ಎಂದರೆ ಸಾಕಿತ್ತು. ಇಂದು ಹಾಗೆ ಬರೆದರೆ ಓದುಗರ ಕಣ್ಣಿಗೆ ಬ್ಯಾಡಗಿಯ ಮಾರುಕಟ್ಟೆಯೇ ಬರುತ್ತದೆ. ಅದಕ್ಕೇ ಕಾಳುಮೆಣಸಿನ ರಾಣಿ, ಕರಿಮೆಣಸಿನ ರಾಣಿ. ‘ತಲೆಯ ಮೇಲೆ ಮೆಣಸು ಅರೆಯುತ್ತಾನೆ’ ಎನ್ನುವಾಗ ಅರೆಯುವುದು ಯಾವ ಮೆಣಸು ಎಂದು ಮಾತ್ರ ಯಾರೂ ವಿಚಾರಿಸಿದ್ದಿಲ್ಲ.

ತೋಟಕ್ಕಿಳಿದರೆ ಗೊಂದಲವೇ ಇಲ್ಲ. ಮೆಣಸಿನ ಗಿಡ ಬೇರೆ, ಮೆಣಸಿನ ಬಳ್ಳಿ ಬೇರೆ. ಅಡಿಕೆ ಮರ ಹತ್ತಿದ್ದು ಬಳ್ಳಿ, ಅದು ಮಲ್ಲಿಗೆಸರವೇ ಇರಲಿ, ಪಣಿಯೂರೇ ಇರಲಿ. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದರೆ ಕೊಯ್ಲಿಗೆ ಬಂತೆಂದು ಲೆಕ್ಕ. ಬಿಡಿಸಿ, ಕುದಿನೀರಿನಲ್ಲಿ ಒಂದು ನಿಮಿಷ ಅದ್ದಿ ಬಿಸಿಲಿಗೆ ಹರವಿದರೆ ಒಂದೇ ಸಮ ಕಪ್ಪಾಗುತ್ತದೆ. ಹಣ್ಣುಕಾಳನ್ನು ನೀರಿನಲ್ಲಿ ನೆನೆಸಿಟ್ಟು ಸಿಪ್ಪೆ ತಿಕ್ಕಿ ತೆಗೆದರೆ ಬೋಳುಕಾಳು. ಇಲ್ಲಿ ಮೆಣಸು ಎಂಬ ಮಾತೇ ಬಿದ್ದುಹೋಗಿ ಕಾಳು ಒಂದೇ ಉಳಿಯಿತು ನೋಡಿ. ಪೇಟೆ ಧಾರಣೆಯಲ್ಲಿ ಮಾತ್ರ ಪೂರ್ತಿ ಹೆಸರು. 1923ರಲ್ಲಿ ಹುಟ್ಟಿದ ಶಿರಸಿಯ ಸಹಕಾರಿ ಮಾರಾಟ ಸಂಘ ಟಿಎಸ್‌ಎಸ್‌ನಲ್ಲಿ ಚಾಲಿ, ರಾಶಿ, ಬೆಟ್ಟೆ ಅಡಿಕೆಯ ಜೊತೆ ಮಾರಾಟವಾಗುವುದು ಕಾಳುಮೆಣಸು. ದುಡ್ಡಿನ ವ್ಯವಹಾರದಲ್ಲಿ ‘ಯಾವ ಮೆಣಸು?’ ಎಂಬ ಪ್ರಶ್ನೆಗೆ ಎಡೆಯಿರಬಾರದು.

ಫ್ಲ್ಯಾಟಿನವರಿಗೆ ನಾನು ಹೇಳುವುದಿಷ್ಟು: ಊರಿನ ಹೆಸರು ತನ್ನಿ, ಊರಿನ ಜಾಗ ತರಬೇಡಿ. ಅಲ್ಲಿ ಸಂಬಾರ ಬಟ್ಟಲು ಒಲೆಯ ಮಗ್ಗುಲಲ್ಲೇ ಇರುತ್ತಿದ್ದುದು ಮಳೆಗಾಲದ ಥಂಡಿಗೆ ಬೂಸಲು ಹಿಡಿಯದಿರಲಿ ಎಂದು. ಇಲ್ಲಿ ಗ್ಯಾಸಿನ ಒಲೆಯ ಪಕ್ಕದ ಶೆಲ್ಫಿನಲ್ಲಿಟ್ಟರೆ ಕಾವಿಗೆ ಪರಿಮಳ ಹಾರಿಹೋಗುತ್ತದೆ. ಕಿಟಕಿಯ ಬೆಳಕಿಗೆ ಒಣಮೆಣಸಿನ ಬಣ್ಣವೂ ಕೆಡುತ್ತದೆ. ಕಾಳುಮೆಣಸನ್ನು ಇಡಿಯಾಗಿ, ಬಿಗಿಮುಚ್ಚಳದ ಡಬ್ಬಿಯಲ್ಲಿ ಕತ್ತಲೆಗಿಟ್ಟರೆ ವರ್ಷ ಕಳೆದರೂ ಘಮ ಉಳಿಯುತ್ತದೆ. ಪುಡಿ ಮಾಡಿಟ್ಟರೆ ಕೆಲವೇ ತಿಂಗಳಲ್ಲಿ ಬರೀ ಖಾರದ ಧೂಳು. ಕಷಾಯಕ್ಕೆ ಬೇಕಾದಾಗ ಬೇಕಾದಷ್ಟೇ ಕುಟ್ಟಿಕೊಳ್ಳುವುದು ಮೇಲು. ಚೀಟಿಯ ವಿಷಯದಲ್ಲಿ ನನ್ನ ಪಕ್ಷಪಾತ ಮುಚ್ಚಿಡುವುದಿಲ್ಲ: ಕಪ್ಪಿಗೆ ‘ಮೆಣಸು’ ಎಂದೇ ಬರೆಯಿರಿ, ಕೆಂಪಿಗೆ ‘ಒಣಮೆಣಸು’.

ಇಷ್ಟು ಇತ್ಯರ್ಥವಾಯಿತು ಎನ್ನುವಾಗ ಊರಿನಿಂದ ಇನ್ನೊಂದು ಪೊಟ್ಟಣ ಬರುತ್ತದೆ, ಗಂಧಮೆಣಸು. ಇದು ಬಳ್ಳಿಯದೂ ಅಲ್ಲ, ಗಿಡದ್ದೂ ಅಲ್ಲ, ಮರದ್ದು. ಎಲೆ ಹಿಸುಕಿದರೆ ಲವಂಗದ ವಾಸನೆ, ಕಾಳು ನೋಡಿದರೆ ದಪ್ಪ ಕಾಳುಮೆಣಸು. ವೆಸ್ಟ್ ಇಂಡೀಸ್‌ನಲ್ಲಿ ಇದನ್ನು ಕಂಡ ಸ್ಪೇನಿನವರೂ ಮೆಣಸೆಂದೇ ಬಗೆದು ‘ಪಿಮಿಯೆಂತಾ’ ಎಂದುಬಿಟ್ಟರು. ಸಸ್ಯಶಾಸ್ತ್ರದಲ್ಲಿ ಇಂದಿಗೂ ಇದರ ಕುಲದ ಹೆಸರು ಪಿಮೆಂಟಾ. ಕಾಳುಮೆಣಸಿಗೆ ಮಾತ್ರ ಅಲ್ಲಿಯೂ ಆ ಹೆಸರು ಸಿಕ್ಕಿಲ್ಲ, ಅದು ಪೈಪರ್.