ಕರೆಂಟ್ ಹೋದಾಗ ಲ್ಯಾಪ್‌ಟಾಪ್‌ಗೆ ಬರೀ ನಿದ್ದೆಯೋ, ಪೂರ್ತಿ ಬಂದೋ?

ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆಯ ನೀರಿನ ಬಲದಿಂದ ನೂಲಿನ ಗಿರಣಿ ತಿರುಗತೊಡಗಿದ್ದು 1887ರಲ್ಲಿ. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿದ್ದು 1969ರಲ್ಲಿ. ದೇಶದಲ್ಲಿ ಮೊದಲು ಶುರುವಾದ ಇಂಥ ಐದು ಸಂಘಗಳಲ್ಲಿ ಅದೂ ಒಂದು. ಇಂಥ ಸೀಮೆಯಲ್ಲಿ ಕೂತು ಕರೆಂಟ್ ಹೋದದ್ದರ ಬಗ್ಗೆ ಬರೆಯುತ್ತಿದ್ದೇವೆ, ನಗಬೇಡಿ.

ಮೂಡಲಗಿ ಕಡೆಯ ಹಳ್ಳಿಯೊಂದರಲ್ಲಿ ಅಜ್ಜಿಯೊಬ್ಬರ ಮಾತು ಕೇಳಿ ನಾಲ್ಕು ಪುಟ ಬರೆದಿದ್ದೆವು. ರಾತ್ರಿ ಕರೆಂಟ್ ಹೋಯಿತು. ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ಮಲಗಿದೆವು. ಬೆಳಿಗ್ಗೆ ಬ್ಯಾಟರಿ ಖಾಲಿ, ಸೇವ್ ಮಾಡದ ಪುಟಗಳೂ ಇಲ್ಲ. ಮತ್ತೆ ಹೋದರೆ ಅಜ್ಜಿ, 'ಅವತ್ತ ಹೇಳಿದ್ನೆಲ್ಲೋ ತಮ್ಮಾ' ಅಂದರು.

ತಪ್ಪು ನಮ್ಮದೇ. ಮುಚ್ಚಳ ಹಾಕಿದರೆ ಎಲ್ಲ ಬಂದಾಯಿತು ಅಂದುಕೊಂಡಿದ್ದೆವು. 1995ರ ವಿಂಡೋಸ್ ಕಾಲದ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಗೊಂದಲವೇ ಇರಲಿಲ್ಲ: 'ಇನ್ನು ಬಂದ್ ಮಾಡಬಹುದು' ಎಂದು ಪರದೆ ಮೇಲೆ ಬರುತ್ತಿತ್ತು, ಸ್ವಿಚ್ ನಾವೇ ಒತ್ತಬೇಕಿತ್ತು. 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಎಸಿಪಿಐ ಎಂಬ ನಿಯಮ ತಂದವು. ಕರೆಂಟಿನ ಉಸ್ತುವಾರಿ ವಿಂಡೋಸ್‌ನಂಥ ತಂತ್ರಾಂಶದ ಕೈಗೆ ಬಂತು. ವಿಂಡೋಸ್ 2000ದಲ್ಲಿ ಹೈಬರ್ನೇಟ್ ಬಂತು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದಲ್ಲಂತೂ ಬಂದ್ ಮಾಡುವ ಗುರುತಿನ ಬಟನ್ ಒತ್ತಿದರೆ ಯಂತ್ರ ಸ್ಲೀಪ್‌ಗೆ ಹೋಗುತ್ತಿತ್ತು! ನಮ್ಮಂಥವರು ಮೋಸ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಸ್ಲೀಪ್ ಅಂದರೆ ಕೆಲಸವೆಲ್ಲ ರ‍್ಯಾಮ್‌ನಲ್ಲೇ ಇರುತ್ತದೆ. ರ‍್ಯಾಮ್‌ಗೆ ಸದಾ ಸ್ವಲ್ಪ ಕರೆಂಟ್ ಬೇಕು. ಅದು ತೀರಿದರೆ ಎಲ್ಲ ಅಳಿಸಿಹೋಗುತ್ತದೆ. ಹೈಬರ್ನೇಟ್ ಮಾಡಿದರೆ ಅದೇ ಕೆಲಸ ಡಿಸ್ಕ್‌ಗೆ ಇಳಿಯುತ್ತದೆ. ಬಳಿಕ ಮೂರು ದಿನ ಕರೆಂಟ್ ಇಲ್ಲದಿದ್ದರೂ ಬಿಟ್ಟಲ್ಲಿಂದಲೇ ಶುರು ಮಾಡಬಹುದು. ಬ್ಯಾಟರಿ ತೀರಾ ಇಳಿದಾಗ ತಾನೇ ಹೈಬರ್ನೇಟ್ ಆಗುವಂತೆಯೂ ಇಡಬಹುದು. ನಮ್ಮ ಹಳೇ ಯಂತ್ರದಲ್ಲಿ ಹಾಗೆ ಇಟ್ಟಿರಲಿಲ್ಲ.

ಶಟ್‌ಡೌನ್ ಕೂಡ ಈಗ ಮೊದಲಿನಂತಿಲ್ಲ. 2012ರ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್‌ನಲ್ಲೂ ವಿಂಡೋಸ್‌ನ ಒಳಭಾಗ ಡಿಸ್ಕ್‌ನಲ್ಲಿ ಉಳಿಯುತ್ತದೆ, ನಮ್ಮ ಫೈಲುಗಳು ಮಾತ್ರ ಮುಚ್ಚುತ್ತವೆ. ಯಂತ್ರ ತಡವರಿಸಿದರೆ ಶಟ್‌ಡೌನ್ ಬಿಟ್ಟು ರಿಸ್ಟಾರ್ಟ್ ಕೊಡಿ, ಆಗಲೇ ಅದು ಮೊದಲಿನಿಂದ ಏಳುವುದು.

ಚಹಾಕ್ಕೆ ಎದ್ದುಹೋದರೆ ಸ್ಲೀಪ್ ಸಾಕು. ರಾತ್ರಿಗೆ ಸೇವ್ ಮಾಡಿ ಹೈಬರ್ನೇಟ್. ಮೆನುವಿನಲ್ಲಿ ಅದು ಕಾಣದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕೆಂದು ಆರಿಸುವ ಜಾಗದಲ್ಲಿ ಹುಡುಕಿ.

ಅಜ್ಜಿ ಎರಡನೇ ಸಲ ಹೇಳಿದ್ದು ಒಂದೂವರೆ ಪುಟ ಆಯಿತು. ಅಷ್ಟನ್ನೇ ಪ್ರಕಟಿಸಿದೆವು.